ಇಟ್ಟಿಗೆಗುಂಡಿಯ ಕಾಲುವೆ

ಮೀನು ಮೊಟ್ಟೆಯಿಡುವ ಕಾಲ ಬಂತೆಂದರೆ ಹೊಳೆಗೆ ರಜೆ, ಬಲೆಯಕ್ಕನಿಗೆ ಕೆಲಸ. ಮೊದಲ ಮಳೆ ಬಿದ್ದು ಹೊಳೆ ಕೆಂಪಗಾಗುತ್ತಿದ್ದಂತೆ ಮೀನು ಹಿಡಿಯುವುದು ನಿಲ್ಲಬೇಕೆಂದು ಕಾಯ್ದೆ. ಮೀನುಗಾರರು ದೋಣಿಗಳನ್ನು ದಡಕ್ಕೆಳೆದು ಮಗುಚಿ ಹಾಕಿ, ವರ್ಷವಿಡೀ ಹರಿದ ಬಲೆಗಳನ್ನು ತಂದು ಅವಳ ಜಗಲಿಯ ಮೇಲೆ ಒಟ್ಟಿ ಹೋಗುತ್ತಿದ್ದರು. ಆ ದಿನವೂ ಅವಳು ಬಲೆಯೊಂದನ್ನು ಕಂಬದ ಮೊಳೆಗೆ ನೇತುಹಾಕಿ, ಇನ್ನೊಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಮರದ ಸೂಜಿಯಿಂದ ಕಣ್ಣಿಗೆ ಕಣ್ಣು ಸೇರಿಸಿ ಗಂಟು ಹಾಕುತ್ತ ಕೂತಿದ್ದಳು. ಜಗಲಿಯ ತುಂಬ ಕೆಸರಿನ, ಒಣಗಿದ ಮೀನಿನ ಹುರುಪೆಯ ವಾಸನೆ.

ಮನೆಯ ಹಿಂದೆ ಗುಂಡಿ. ಅವಳ ಅಪ್ಪ ಇಟ್ಟಿಗೆ ಸುಡುತ್ತಿದ್ದ ಕಾಲದಲ್ಲಿ ಮಣ್ಣು ತೆಗೆದು ತೆಗೆದು ಆದದ್ದು. ಗೂಡು ಆರಿದ ಮೇಲೆ ಅದರಲ್ಲಿ ಮಳೆನೀರು ನಿಂತಿತು. ನಿಂತ ನೀರು ನಾರುತ್ತದೆಂದು ಅಪ್ಪ ಹೊಳೆಯಿಂದ ಸಣ್ಣದೊಂದು ಕಾಲುವೆ ಕಡಿದ. ನೀರಿನ ಜೊತೆ ಮೀನೂ ಬಂತು. ಯಾರೂ ಮರಿ ತಂದು ಬಿಟ್ಟದ್ದಲ್ಲ. ತಾವಾಗಿ ಬಂದವು, ತಾವಾಗಿ ಬೆಳೆದವು. ಈಗ ಅಪ್ಪ ನಡುಮನೆಯ ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಕಾಲುವೆ ಜಾಗದ ಕೊನೆಯಲ್ಲಿ, ಮುಳ್ಳುಪೊದೆಗಳ ಆಚೆ ಇತ್ತು. ಬಲೆಯಕ್ಕ ಮತ್ತು ಮೀನಿನ ಗಾರ್ಡು ಬಿಟ್ಟರೆ ಆ ಕಡೆ ಹೋಗುವವರಿರಲಿಲ್ಲ.

ಗಾರ್ಡು ಬರುವುದು ಮಂಗಳವಾರ, ಅದೂ ಹೊಳೆಗೆ ರಜೆಯಿರುವ ವಾರಗಳಲ್ಲಿ ಮಾತ್ರ. ಈ ಕಾಲದಲ್ಲಿ ಯಾರ ಬಲೆಯೂ ನೀರಿಗಿಳಿಯಬಾರದೆಂದು, ರಿಪೇರಿಯಾದ ಬಲೆಗಳನ್ನು ಸುತ್ತಿ ತಂತಿ ಬಿಗಿದು ಸೀಸದ ಮುದ್ರೆ ಒತ್ತುವುದು ಅವನ ಕೆಲಸ. ಹೊಳೆಗೆ ಸೇರಿದ ಕಾಲುವೆಗಳನ್ನು ನೋಡಿ, ತೆರೆದಿವೆಯೇ ಎಂದು ಬರೆದಿಡುವುದೂ ಅವನದೇ; ಈ ಕಾಲುವೆ ನೋಡಲು ಹೇಗೂ ಬರುವವನೆಂದು ಮುದ್ರೆಯನ್ನೂ ಜಗಲಿಯಲ್ಲೇ ಒತ್ತುತ್ತಿದ್ದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಕಳಚಿಟ್ಟು, ಜಗಲಿಯ ತುದಿಯಲ್ಲಿ ಕೂರುತ್ತಿದ್ದ.

"ಗಾರ್ಡ್ ಸಾಹೇಬ್ರು ಇವತ್ತು ತಡ" ಎಂದಳು ಬಲೆಯಕ್ಕ, ಸೂಜಿ ನಿಲ್ಲಿಸದೆ.

"ಸೈಕಲ್ ಚೈನು. ನನಗಿಂತ ಅದಕ್ಕೆ ವಯಸ್ಸಾಯ್ತು."

"ಇಬ್ಬರೂ ಒಟ್ಟಿಗೆ ಸರ್ವಿಸಿಗೆ ಸೇರಿದ್ದಲ್ವಾ?"

"ಅದಕ್ಕೆ ನನಗಿಂತ ಬೇಗ ಪ್ರಮೋಷನ್ ಸಿಗುತ್ತೆ ಬಿಡಿ. ಗುಜರಿಗೆ."

ಅವಳು ನಕ್ಕು ಟೀ ತಂದಳು. ಅವನು ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಧಾನವಾಗಿ ಕುಡಿದ. ಹೊಳೆ ಎಲ್ಲಿಯವರೆಗೆ ಏರಿದೆ, ಯಾರ ದೋಣಿಗೆ ಗೆದ್ದಲು ಹಿಡಿದಿದೆ, ತನ್ನ ಬಾಡಿಗೆ ಕೋಣೆಯ ಮಾಡು ಎಲ್ಲಿ ಸೋರುತ್ತಿದೆ ಎಂದೆಲ್ಲ ಹೇಳಿದ. ಅವಳು ಕೇಳಿದಳು. ಮುದ್ರೆ ಒತ್ತಿದ್ದಾದ ಮೇಲೆ ಇಬ್ಬರೂ ಮುಳ್ಳುಪೊದೆ ಬಳಸಿ ಕಾಲುವೆಯ ತನಕ ಹೋಗಿ, ಸ್ವಲ್ಪ ಹೊತ್ತು ನಿಂತು ಬಂದರು. ಉಳಿದ ದಿನಗಳಲ್ಲಿ ಅವಳೊಡನೆ ಮನೆಯವರು ಆಡುತ್ತಿದ್ದ ಮಾತು ನೀರು, ಸೌದೆ, ಅಪ್ಪನ ಮಾತ್ರೆಗಳ ಕುರಿತದ್ದು.

ತಮ್ಮ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡಿನಲ್ಲಿದ್ದ. ಶೆಡ್ಡಿನ ಯಜಮಾನ ಈ ಸಲ ಅವನಿಗೆ ವಾರದಲ್ಲಿ ಅರ್ಧ ದಿನಗಳ ಕೆಲಸ ಮಾತ್ರ ಕೊಟ್ಟಿದ್ದ. ಅವನ ಮಗಳು ನರ್ಸಿಂಗಿಗೆ ಸೇರಬೇಕಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ತಮ್ಮ ಮಾತು ತೆಗೆದ.

"ಭಾನುವಾರ ಪೇಟೆಯಿಂದ ಜನ ಬರ್ತಾರೆ. ಗುಂಡೀಲಿ ಗಾಳ ಹಾಕ್ತಾರೆ. ಒಂದು ಗಾಳಕ್ಕೆ ಇಷ್ಟು ಅಂತ ಮಾತಾಡಿದೀನಿ."

ಬಲೆಯಕ್ಕ ತುತ್ತು ಕೈಯಲ್ಲೇ ಹಿಡಿದಳು. "ಈಗ ಹಿಡಿಯೋ ಕಾಲ ಅಲ್ವಲ್ಲೋ."

"ಅದು ಹೊಳೆಗೆ. ನಮ್ಮ ಹಿತ್ತಿಲ ಗುಂಡಿಗೆ ಎಂಥಾ ಕಾಯ್ದೆ? ನಾಳೆ ನಮ್ಮ ಬಕೆಟ್ಟಿಗೂ ಗಾರ್ಡ್ ಬರ್ತಾನಾ?"

"ಕಾಲುವೆ ಇದೆ."

"ಇದ್ರೆ ಇರ್ಲಿ. ಕಂದಾಯ ಕಟ್ಟೋರು ನಾವು."

ಮಂಚದಿಂದ ಅಪ್ಪ ಕೂಗಿದ. "ಏನಂತೆ? ಏನು ಹಿಡೀತಾರಂತೆ?"

"ಮೀನು, ಮಾವ!" ಎಂದು ತಮ್ಮನ ಹೆಂಡತಿ ದನಿಯೆತ್ತಿ ಹೇಳಿದಳು. "ನಿಮ್ಮ ಗುಂಡಿ ದುಡಿಯೋ ಹಾಗಾಯ್ತು!"

"ಇಟ್ಟಿಗೆಗಿಂತ ಮೀನು ವಾಸಿ" ಎಂದ ಅಪ್ಪ. "ಸುಡೋ ಕೆಲಸ ಇಲ್ಲ."

ಎಲ್ಲರೂ ನಕ್ಕರು. ಬಲೆಯಕ್ಕ ತಟ್ಟೆ ಎತ್ತಿಕೊಂಡು ಎದ್ದಳು. "ಬೇಡ ಅಂದ್ರೆ ಬೇಡ ಅನ್ನಕ್ಕಾ" ಎಂದ ತಮ್ಮ, ಅವಳ ಬೆನ್ನಿಗೆ. "ಆಮೇಲೆ ಫೀಸು ನೀನು ಕಟ್ಟು." ಅವಳು ತಟ್ಟೆ ತೊಳೆಯಲು ಹೋದಳು.

ಭಾನುವಾರ ಬೆಳಿಗ್ಗೆ ಗುಂಡಿಯ ಸುತ್ತ ಮಡಚುವ ಕುರ್ಚಿಗಳು ಬಿಚ್ಚಿಕೊಂಡವು. ಬಣ್ಣಬಣ್ಣದ ಟೋಪಿಯವರು, ಉದ್ದುದ್ದ ಗಾಳದವರು. ತಮ್ಮನ ಹೆಂಡತಿ ಕೆಟಲಿನಲ್ಲಿ ಟೀ ಕಾಸಿ ಕಾಸಿ ಸುಸ್ತಾಗಿದ್ದರೂ ಮುಖ ಅರಳಿತ್ತು. ಆದರೆ ಹೊಳೆಯ ಮೀನುಗಾರರು ಕಣ್ಣುಮುಚ್ಚಿ ಕೂತಿರಲಿಲ್ಲ. ತಾವು ದೋಣಿ ಮಗುಚಿ ಮನೆಯಲ್ಲಿ ನೊಣ ಹೊಡೆಯುತ್ತಿರುವಾಗ ಇವರ ಹಿತ್ತಿಲಲ್ಲಿ ಜಾತ್ರೆಯೇ ಎಂದು ಅವರು ನೇರ ಕಚೇರಿಗೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಗಾರ್ಡಿನ ಸೈಕಲ್ಲು ಬಂತು. ಅವನು ಜಗಲಿ ಹತ್ತಲಿಲ್ಲ, ಬಲೆಯಕ್ಕನ ಕಡೆ ನೋಡಲೂ ಇಲ್ಲ. ಗುಂಡಿಯ ಸುತ್ತ ಒಂದು ಸುತ್ತು ಬಂದು ಗಾಳಗಳನ್ನೆಲ್ಲ ಒಟ್ಟುಮಾಡಿ ಕಟ್ಟಿದ.

"ಇದು ನಮ್ಮ ಜಾಗ ಕಣ್ರೀ!" ತಮ್ಮನ ದನಿ ಏರಿತು. "ನಮ್ಮ ಜಾಗ, ನಮ್ಮ ನೀರು!"

"ಜಾಗ ನಿಮ್ಮದೇ. ಯಾರು ಇಲ್ಲ ಅಂದ್ರು? ಕಾಯ್ದೆ ಜಾಗ ಕೇಳಲ್ಲ, ದಾರಿ ಕೇಳುತ್ತೆ. ಹೊಳೆಯಿಂದ ಮೀನು ಬಂದು ಹೋಗೋ ದಾರಿ ಇದ್ರೆ ಅದು ಹೊಳೆ ಮೀನೇ. ದಾರಿ ಇಲ್ದಿದ್ರೆ ನಿಮ್ಮದು."

"ಯಾವನು ಮಾಡಿದ ಕಾಯ್ದೆ?"

"ನಾನಲ್ಲ. ದಂಡದ ಚೀಟಿ ಇದು. ಒಪ್ಪಿಗೆ ಇಲ್ದಿದ್ರೆ ಅರ್ಜಿ ಹಾಕಿ, ಮೇಲಿನವರು ಬಂದು ನೋಡ್ತಾರೆ."

ಟೋಪಿಯವರು ಕೊಟ್ಟ ಹಣ ವಾಪಸ್ಸು ಕೇಳಿದರು. ಕೊಡಬೇಕಾಯಿತು. ಕುಡಿದ ಟೀಯ ದುಡ್ಡನ್ನಾದರೂ ಹಿಡಿದುಕೊಳ್ಳುತ್ತೇನೆ ಎಂದ ತಮ್ಮನ ಹೆಂಡತಿಗೆ ಒಬ್ಬನಂತೂ, "ಮೀನೇ ಇಲ್ಲದ ಮೇಲೆ ಟೀಗೆ ಎಂಥಾ ದುಡ್ಡಮ್ಮ" ಎಂದು ನಗಾಡಿ ಹೋದ.

ಅರ್ಜಿ ಬರೆಯಲು ಕೂತವಳು ಮಗಳು. ಕಾಲುವೆ ಎಷ್ಟುದ್ದ, ಎಷ್ಟಗಲ ಎಂದು ಬರೆಯಬೇಕಲ್ಲವೇ ಎಂದು ಅಳೆಯಲು ಹೋದವಳು ಮುಳ್ಳು ತರಚಿದ ಕಾಲುಗಳೊಂದಿಗೆ ವಾಪಸು ಬಂದಳು. ಸಂಜೆಯ ಊಟ ಆಗುತ್ತಿತ್ತು.

"ಅಪ್ಪಾ, ಕಾಲುವೇಲಿ ನೀರೇ ಇಲ್ಲ."

"ಮೇಲೆ ಹುಲ್ಲಿರಬೇಕು. ಅಡೀಲಿ ಹರೀತಿರುತ್ತೆ."

"ಅಡೀಲೂ ಇಲ್ಲಪ್ಪಾ. ಹೂಳು ತುಂಬಿ ಗಟ್ಟಿಯಾಗಿದೆ. ನಾನು ಮೇಲೆ ನಡ್ಕೊಂಡೇ ಹೋದೆ. ಹುಲ್ಲು ನನ್ನ ಮೊಣಕಾಲಿಗೆ ಬರುತ್ತೆ, ಒಂದು ಗಿಡ ಹೂವೂ ಬಿಟ್ಟಿದೆ. ಇದು ಈ ವರ್ಷದ್ದಲ್ಲ."

ತಮ್ಮ ನಂಬಲಿಲ್ಲ. ಟಾರ್ಚು ಹಿಡಿದು ತಾನೇ ಹೋಗಿ ಬಂದ. ಬಂದವನು ಕೈತೊಳೆಯದೆ ಅಕ್ಕನ ಎದುರು ನಿಂತ.

"ಅಕ್ಕಾ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಅಪ್ಪ ಮಲಗಿದ ಮೇಲೆ ಹೂಳು ತೆಗೆದೋರು ಯಾರು? ನೀನು ತೆಗೆದ್ಯಾ?"

"ನನಗೆ ಯಾಕೆ ಹೇಳ್ಲಿಲ್ಲ?" ಎಂದವನು ಅಲ್ಲಿಗೇ ತಡೆದು, ಇನ್ನೊಂದು ಹೊಳೆದವನಂತೆ ಹೆಂಡತಿಯ ಕಡೆ ತಿರುಗಿದ. "ಅಂದ್ರೆ ಗಾರ್ಡು? ವಾರ ವಾರ ಬಂದು ನೋಡೋನಿಗೆ ಗೊತ್ತಿಲ್ವಾ? ದಾರಿ ಮುಚ್ಚಿಹೋಗಿದೆ ಅಂತ ಗೊತ್ತಿದ್ದೂ ವರ್ಷ ವರ್ಷ 'ತೆರೆದಿದೆ' ಅಂತ ಬರೆದಿದ್ದಾನಾ?"

"ಬರೀದೇ ಇದ್ರೆ ಬರೋಕಾಗುತ್ತಾ?" ಎಂದಳು ತಮ್ಮನ ಹೆಂಡತಿ, ಪಾತ್ರೆ ಕೆರೆಯುತ್ತ. "ಆ ಕಾಲುವೇಲಿ ಏನು ನೋಡ್ತಾನೆ ಅಂದ್ಕೊಂಡಿದ್ದೆ. ನೋಡ್ತಿದ್ದದ್ದು ಟೀ ಲೋಟ."

ಮಗಳು ನಗಲು ಹೋಗಿ ಅತ್ತೆಯ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ತಮ್ಮನೇ ಆಡಿದ, ನೆಲ ನೋಡುತ್ತ.

"ಮೇಲಿನ ಸಾಹೇಬ್ರು ಬರ್ಲಿ. ಬಾಯಿಬಿಟ್ಟು ಹೇಳ್ತೀನಿ. ದಂಡ ಇಲ್ಲ, ಏನಿಲ್ಲ. ಗಾರ್ಡಿನ ಕೆಲಸ ಉಳಿದ್ರೆ ನನ್ನ ಕೇಳಿ. ನೀನೂ ಹೇಳ್ಬೇಕಕ್ಕಾ, ಎಷ್ಟು ವರ್ಷದಿಂದ ಮುಚ್ಚಿದೆ ಅಂತ. ದಿನಾ ಇಲ್ಲಿ ಕೂರೋಳು ನೀನು, ನಿನ್ನ ಮಾತಿಗೇ ತೂಕ."

ಮಂಗಳವಾರ ಗಾರ್ಡು ಬರುವನೋ ಇಲ್ಲವೋ ಎಂದು ಅವಳಿಗೆ ಅನುಮಾನವಿತ್ತು. ಬಂದ. ತಮ್ಮ ಶೆಡ್ಡಿಗೆ ಹೋಗಿದ್ದ. ತಮ್ಮನ ಹೆಂಡತಿ ಒಳಗೆ ಬಟ್ಟೆ ಮಡಚುತ್ತಿದ್ದವಳು ಬಾಗಿಲನ್ನು ಅರ್ಧಕ್ಕೆ ತೆರೆದಿಟ್ಟಳು. ಟೀ ಕೊಡುವಾಗ ಬಲೆಯಕ್ಕ ತಗ್ಗಿದ ದನಿಯಲ್ಲಿ ಹೇಳಿದಳು.

"ಹೂಳು ನೋಡಿದ್ರು."

ಅವನು ಒಂದು ಗುಟುಕು ಕುಡಿದ. "ನೋಡ್ಲೇಬೇಕಿತ್ತು ಒಂದಿನ."

"ನಿಮಗೆ ಯಾವಾಗ ಗೊತ್ತಾಯ್ತು?"

"ಇಲ್ಲಿಗೆ ಬಂದ ಮೊದಲನೇ ವರ್ಷಾನೇ. ನಿಮಗೆ?"

"ಅದಕ್ಕೂ ಮೊದಲು."

"ಹೇಳ್ಲಿಲ್ಲ ನೀವು."

"ನೀವು ಕೇಳ್ಲಿಲ್ಲ."

ಒಳಗೆ ಬಟ್ಟೆ ಒದರುವ ಸದ್ದು ನಿಂತಿತು. ಅವನು ಲೋಟದ ತಳದಲ್ಲಿ ಉಳಿದ ಚರಟ ನೋಡುತ್ತಿದ್ದ.

"ಶನಿವಾರ ಸಾಹೇಬ್ರು ಬರ್ತಾರೆ" ಎಂದ. "ನೀವು ಇದ್ದದ್ದು ಹೇಳಿಬಿಡಿ ಬಲೆಯಕ್ಕ. ಮನೆಯವರ ಜೊತೆ ಕೆಡಿಸ್ಕೋಬೇಡಿ. ನಾನೊಬ್ಬನೇ, ನನಗೆ ಹೆಂಗಾದರೂ ನಡೆಯುತ್ತೆ."

"ಪಿಂಚಣಿ?"

"ಕೊಟ್ರೆ ಕೊಟ್ರು."

"ಮಾಡು ಸೋರೋ ಕೋಣೇಲಿ ಮುದುಕನಾಗಿ ಕೂತ್ಕೋತೀರಾ?"

"ಈಗ ಮಾತ್ರ ಯಾವ ಅರಮನೇಲಿದೀನಿ?"

ಅವಳು ಖಾಲಿ ಲೋಟ ತೆಗೆದುಕೊಳ್ಳುತ್ತ ಕೇಳಿದಳು. "ಗುಂಡಿಗೆ ಕಾಯ್ದೆ ಇಲ್ಲ ಅಂತ ಆದ್ಮೇಲೂ, ಈ ಕಡೆ ಬಂದಾಗ... ಜಗಲಿ ಇದ್ದೇ ಇರುತ್ತಲ್ಲ."

ಅವನು ಚಪ್ಪಲಿಗೆ ಕಾಲು ಹಾಕಿದ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ತಡಕಾಡಿದ. "ಕೆಲಸ ಇಲ್ದೆ ಒಬ್ಬರ ಮನೆಗೆ ಬರೋದು ನನಗೆ ಬರಲ್ಲ. ಬಂದ್ರೂ ಏನಂತ ಕೂರೋದು?" ಅಂದು, ತಾನು ಅಂದದ್ದು ತನಗೇ ಸರಿಬರದವನ ಹಾಗೆ ಸೈಕಲ್ ಚೈನನ್ನು ಬಗ್ಗಿ ನೋಡಿ ಹೊರಟ.

ಶನಿವಾರ ಬೆಳಕು ಹರಿಯುವ ಮೊದಲೇ ಬಲೆಯಕ್ಕ ಹಾರೆ, ಗುದ್ದಲಿ ತೆಗೆದುಕೊಂಡು ಮುಳ್ಳುಪೊದೆಗಳ ಆಚೆ ಹೋದಳು. ಮೊದಲು ಕಾಲುವೆಯ ಹುಲ್ಲನ್ನೂ ಹೂಬಿಟ್ಟ ಗಿಡವನ್ನೂ ಬೇರುಸಹಿತ ಕಿತ್ತು ಹೊಳೆಗೆ ಬಿಟ್ಟಳು. ಹೊಳೆ ತುಂಬಿತ್ತು, ಎಲ್ಲವನ್ನೂ ಎಳೆದುಕೊಂಡು ಹೋಯಿತು. ಆಮೇಲೆ ದಡದ ಮೇಲೆ ನಿಂತು ಹಾರೆಯಿಂದ ಮಣ್ಣು ಸಡಿಲಿಸಿದಳು. ಇಟ್ಟಿಗೆಯ ಮಣ್ಣು, ಜಿಗುಟು. ಒಂದೊಂದು ಹೆಂಟೆಗೂ ಮೈಭಾರ ಹಾಕಬೇಕಾಯಿತು. ದಡದ ಒಂದು ಕಡೆ ಪೂರ ಜಾರಿ ಕಾಲುವೆಗೆ ಬಿದ್ದು, ಹಳೆಯ ಹೂಳು ಹಸಿ ಕೆಂಪು ಮಣ್ಣಿನಡಿ ಮುಚ್ಚಿಹೋಯಿತು. ಹೆಜ್ಜೆಗುರುತುಗಳನ್ನು ಕೈಯಿಂದ ತಟ್ಟಿ ಅಳಿಸಿದಳು. ಮನೆಗೆ ಬಂದಾಗ ಮಗಳು ಎದ್ದು ಹಲ್ಲುಜ್ಜುತ್ತಿದ್ದಳು. ಅತ್ತೆಯ ಉಗುರು ನೋಡಿದಳು, ಸೀರೆಯಂಚು ನೋಡಿದಳು. ಏನೂ ಕೇಳದೆ ಬಕೆಟ್ಟಿನಲ್ಲಿ ನೀರು ತಂದಿಟ್ಟಳು.

ಸಾಹೇಬರು ಕನ್ನಡಕದ ಯುವಕ, ಹೊಸ ಬೂಟು. ಗಾರ್ಡು ಒಂದು ಹೆಜ್ಜೆ ಹಿಂದೆ. ಮನೆಯವರೆಲ್ಲ ಜೊತೆಗೆ ನಡೆದರು. ಕುಸಿದ ದಡದ ಎದುರು ನಿಂತ ತಮ್ಮನ ಬಾಯಿ ತೆರೆದದ್ದು ಹಾಗೇ ಇತ್ತು. ಟಾರ್ಚು ಹಿಡಿದು ನೋಡಿದ್ದು ಇದನ್ನಲ್ಲ.

"ಯಾವಾಗಿಂದ ಹೀಗಿದೆ?" ಸಾಹೇಬರು ಕೇಳಿದರು.

"ವರ್ಷಗಟ್ಟಲೆಯಿಂದ ಸಾರ್" ಎಂದ ತಮ್ಮ, ಚೇತರಿಸಿಕೊಂಡು. "ಬೇಕಾದ್ರೆ ನಮ್ಮಕ್ಕನ್ನ ಕೇಳಿ."

"ಮೊನ್ನೆ" ಎಂದಳು ಬಲೆಯಕ್ಕ. "ಆ ಗಾಳಿಮಳೆ ಬಂತಲ್ಲ, ಆಗ ದಡ ಕುಸೀತು. ಅದಕ್ಕೂ ಮುಂಚೆ ನೀರು ಬರ್ತಿತ್ತು."

"ಅಕ್ಕಾ!"

ಸಾಹೇಬರು ಒಂದು ಹೆಂಟೆ ಎತ್ತಿ ಮುರಿದು ನೋಡಿದರು. ಒಳಗೂ ಹಸಿ. "ಗಾರ್ಡ್, ಭಾನುವಾರ ಗಾಳ ಹಿಡಿದಾಗ ಹೇಗಿತ್ತು?"

ಗಾರ್ಡು ಮಣ್ಣು ನೋಡಿದ. ಹಾರೆಯ ಬಾಯಿಯ ಗುರುತು ಒಂದು ಕಡೆ ಉಳಿದುಹೋಗಿತ್ತು. ಅದರ ಮುಂದೆ ಹೆಜ್ಜೆಯಿಟ್ಟು ನಿಂತ. ಬಲೆಯಕ್ಕ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಹರೀತಿತ್ತು ಸಾರ್" ಎಂದ. ಸಾಹೇಬರಿಗೆ ಕೇಳಿಸದೆ, ಇನ್ನೊಮ್ಮೆ ಹೇಳಬೇಕಾಯಿತು. "ಹರೀತಿತ್ತು."

"ಸುಳ್ಳು ಸಾರ್, ಇಬ್ಬರೂ..." ಎಂದು ತಮ್ಮ ಮುಂದೆ ಬಂದ. ಅವನ ಹೆಂಡತಿ ತೋಳು ಹಿಡಿದಳು. "ರೀ, ಸುಮ್ನಿರಿ. ಹೊರಗಿನವರ ಎದುರಿಗೆ ಅಕ್ಕನ್ನ ಸುಳ್ಳಿ ಅಂತೀರಾ? ಮೊದಲು ಗುಂಡಿ ವಿಷಯ ಕೇಳಿ."

ಸಾಹೇಬರು ಕೈ ಒರೆಸಿಕೊಂಡು ಹೇಳಿದರು. ಆವತ್ತು ಕಾಲುವೆ ಇತ್ತು, ಆದ್ದರಿಂದ ದಂಡ ಕಟ್ಟಬೇಕು. ಈಗ ಮುಚ್ಚಿದೆ. ಮತ್ತೆ ತೆರೆಯುವುದಿಲ್ಲವೆಂದು ಜಾಗದ ಯಜಮಾನರು ಬರೆದುಕೊಟ್ಟರೆ ಹೊಳೆಯ ಕಾಯ್ದೆ ಈ ಗುಂಡಿಗೆ ಅನ್ವಯಿಸುವುದಿಲ್ಲ. ಬೇಕಾದವರು ಬೇಕಾದ ಕಾಲದಲ್ಲಿ ಹಿಡಿಯಬಹುದು. ಬಲೆಗಳಿಗೆ ಮುದ್ರೆ ಒತ್ತುವುದನ್ನೂ ಈ ಸಲದಿಂದ ಕಚೇರಿಯಲ್ಲೇ ಇಟ್ಟುಕೊಳ್ಳುತ್ತಿದ್ದೇವೆ. ಇನ್ನು ಗಾರ್ಡು ಇಲ್ಲಿಯವರೆಗೆ ಸೈಕಲ್ ತುಳಿಯಬೇಕಾಗಿಲ್ಲ.

ಜಾಗ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಮಂಚದಲ್ಲಿ ಎದ್ದು ಕೂತು, ಕಾಲುವೆ ಮುಚ್ಚುವುದೆಂದು ತಿಳಿದಾಗ ಪೆನ್ನು ಎಸೆದ.

"ನಾನು ಕಡಿದದ್ದು! ನಾನು, ನಿನ್ನಮ್ಮ, ಇಬ್ಬರೇ. ಯಾವನು ಮುಚ್ಚೋನು?"

"ತಾನಾಗೇ ಮುಚ್ಚಿದೆ ಅಪ್ಪಾ" ಎಂದ ತಮ್ಮ.

"ಹೂಳು ತೆಗೀರಿ! ಕೈ ಬಿದ್ದುಹೋಗಿದ್ಯಾ ನಿಮಗೆ?"

ಸಾಹೇಬರು ಬಾಗಿಲಲ್ಲಿ ಗಡಿಯಾರ ನೋಡಿಕೊಂಡರು. ಬಲೆಯಕ್ಕ ಪೆನ್ನು ಹೆಕ್ಕಿ ಅಪ್ಪನ ಬೆರಳುಗಳ ನಡುವೆ ಇಟ್ಟು, ಅವನ ಮುಷ್ಟಿಯ ಮೇಲೆ ತನ್ನ ಕೈ ಇಟ್ಟಳು. "ಒಂದು ಸಹಿ ಹಾಕಪ್ಪಾ. ಮಗು ಓದಬೇಕು." ಅಪ್ಪ ಅವಳ ಮುಖ ನೋಡಿದ, ತುಂಬ ಹೊತ್ತು ನೋಡಿದ, ಸಹಿ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದ.

ಸಾಹೇಬರು ಜೀಪು ಹತ್ತಿದ ಮೇಲೆ ಮನೆಯಲ್ಲಿ ಗಲಾಟೆ ಎದ್ದಿತು. ತಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ.

"ದಂಡ ಯಾರು ಕಟ್ಟೋದು? ನಿನ್ನ ಒಂದು ಮಾತಿಗೆ ಅದು ಹೋಗಿರ್ತಿತ್ತು! ನಾನು ನಿನ್ನ ತಮ್ಮ ಕಣೇ. ಅವನು ಯಾರು ನಿನಗೆ?"

"ಯಾರೂ ಅಲ್ಲ."

"ಯಾರೂ ಅಲ್ದೋನಿಗೆ ಇಷ್ಟು ಮಾಡ್ದೆಯಾ?"

"ದಾರಿ ಬಿಡು. ಒಲೆ ಉರೀತಿದೆ."

"ಮೊದಲು ಹೇಳು!"

"ಅಪ್ಪಾ, ಬಿಡಪ್ಪಾ" ಎಂದಳು ಮಗಳು, ನಡುವೆ ಬಂದು. "ಗುಂಡಿ ಸಿಕ್ತಲ್ಲ. ನನ್ನ ಫೀಸಿಗೆ ಆಗುತ್ತೆ."

"ನೀನು ಮಧ್ಯ ಬರಬೇಡ."

"ದಂಡ ನಾನು ಕಟ್ತೀನಿ" ಎಂದಳು ಬಲೆಯಕ್ಕ. "ನೀನು ಈಗ ಕಟ್ಟಿಬಿಡು. ಬಲೆ ದುಡ್ಡಲ್ಲಿ ವಾರ ವಾರ ನಿನಗೆ ಕೊಡ್ತೀನಿ."

ತಮ್ಮ ದಾರಿ ಬಿಟ್ಟ. ಆಮೇಲಿನ ಕೆಲವು ವಾರ ಅವನು ಅವಳ ಜೊತೆ ಮಾತಾಡಲಿಲ್ಲ. ಏನಾದರೂ ಬೇಕಿದ್ದರೆ ಮಗಳ ಬಾಯಲ್ಲಿ ಹೇಳಿಸುತ್ತಿದ್ದ, ಅಕ್ಕ ಎದುರಿಗೇ ಕೂತಿದ್ದರೂ. "ಉಪ್ಪು ಕೊಡೋಕೆ ಹೇಳು ನಿಮ್ಮತ್ತೆಗೆ." ತಮ್ಮನ ಹೆಂಡತಿ ಮಾತ್ರ ಮೊದಲಿಗಿಂತ ಮೆತ್ತಗಾಗಿದ್ದಳು. ಒಂದು ದಿನ ಕೇಳದೆಯೇ ಟೀ ಮಾಡಿ ಜಗಲಿಗೆ ತಂದಿಟ್ಟಳು. ಪಕ್ಕದಲ್ಲಿ ಕೂರುವವಳ ಹಾಗೆ ಸ್ವಲ್ಪ ನಿಂತಳು. "ಆವತ್ತು ಟೀ ಲೋಟದ ಮಾತು ತಮಾಷೆಗೆ ಅಂದದ್ದಕ್ಕಾ" ಎಂದಳು. "ತಮಾಷೆನೇ ಅಲ್ವಾ" ಎಂದಳು ಬಲೆಯಕ್ಕ. ತಮ್ಮನ ಹೆಂಡತಿ ಒಳಗೆ ಹೋದಳು.

ಮೀನುಗಾರರು ಈಗ ರಿಪೇರಿಯಾದ ಬಲೆಗಳನ್ನು ತಾವೇ ಹೊತ್ತು ಕಚೇರಿಗೆ ಒಯ್ಯುತ್ತಿದ್ದರು. ಅವರಿಂದಲೇ ಸುದ್ದಿ: ಗಾರ್ಡಿಗೆ ಹೊಳೆಯ ಆಚೆ ದಡದ ಕೆಲಸ ಕೊಟ್ಟಿದ್ದಾರೆ, ಸೈಕಲ್ಲನ್ನು ದೋಣಿಯಲ್ಲಿ ಹಾಕಿಕೊಂಡು ದಾಟುತ್ತಾನೆ. "ದೋಣಿ ಏರಿದ ಸೈಕಲ್ಲು ಅಂತ ನಾವೆಲ್ಲ ನಗಾಡ್ತೀವಿ" ಎಂದು ಹೇಳಿದವನು ನಕ್ಕ. ಬಲೆಯಕ್ಕನೂ ನಕ್ಕಳು. ಅವನ ಬಲೆಯ ಹರಕು ದೊಡ್ಡದಿತ್ತು. ಎರಡು ದಿನ ಹಿಡಿಯುವುದೆಂದು ಹೇಳಿ ಒಂದೇ ದಿನದಲ್ಲಿ ಮುಗಿಸಿದಳು. ಮುಗಿಸಿದ ಮೇಲೆ ಮಾಡಲು ಬೇರೆ ಬಲೆ ಇರಲಿಲ್ಲ.

ರಜೆಯ ಕಡೆಯ ಮಂಗಳವಾರ ಬೆಳಿಗ್ಗೆ ಅವಳು ತಮ್ಮನ ಎದುರು ಮಡಚಿದ ನೋಟುಗಳನ್ನು ಇಟ್ಟಳು.

"ಇಷ್ಟಕ್ಕೆ ದಂಡದ್ದು ತೀರ್ತು. ನೋಡ್ಕೋ."

ತಮ್ಮ ಎಣಿಸಲಿಲ್ಲ. ಜೇಬಿಗೆ ಹಾಕಿಕೊಂಡು, ಎಷ್ಟೋ ವಾರಗಳ ಮೇಲೆ ನೇರ ಅವಳಿಗೇ ಹೇಳಿದ. "ಇವತ್ತು ಪೇಟೆಯವರು ಐದಾರು ಜನ ಬರ್ತಾರೆ. ನಾನು ಶೆಡ್ಡಿಗೆ ಹೋಗ್ಬೇಕು, ಇವಳು ಮಗೂನ ಕಾಲೇಜಿಗೆ ಸೇರಿಸೋಕೆ ಕರ್ಕೊಂಡು ಹೋಗ್ತಾಳೆ. ನೀನು ಸ್ವಲ್ಪ ನೋಡ್ಕೊಳ್ಳಕ್ಕಾ."

"ನೋಡ್ಕೋತೀನಿ, ಹೋಗು."

ಪೇಟೆಯವರು ಬಂದರು. ಕುರ್ಚಿ ಬಿಚ್ಚಿ, ಒಬ್ಬರಿಗೊಬ್ಬರು ದೂರದೂರವಾಗಿ ನೀರಿಗೆ ಮುಖ ಮಾಡಿ ಕೂತರು. ಮಾತಾಡಿದರೆ ಮೀನು ಹೆದರುತ್ತದೆಂದು ಯಾರೂ ಮಾತಾಡುತ್ತಿರಲಿಲ್ಲ. ಅವಳು ಎಲ್ಲರಿಗೂ ಟೀ ಕೊಟ್ಟು ಬಂದಳು. ಅವರಲ್ಲಿ ಒಬ್ಬ ಹೊಸಬ, ಗಾಳ ಬಿಚ್ಚದೆ ಚೀಲ ತಬ್ಬಿಕೊಂಡು ರಸ್ತೆಯ ಕಡೆಗೇ ನೋಡುತ್ತಿದ್ದ. ಅವಳು ಹತ್ತಿರ ಬಂದಾಗ ಪಿಸುದನಿಯಲ್ಲಿ ಕೇಳಿದ.

"ಅಮ್ಮಾ, ಹೊಳೆ ಕಡೆ ಇನ್ನೂ ರಜೆಯಂತೆ. ಇಲ್ಲಿಗೆ ಗಾರ್ಡು ಗೀರ್ಡು ಯಾರೂ ಬರಲ್ಲ ತಾನೇ?"

"ಬರಲ್ಲ" ಎಂದಳು ಬಲೆಯಕ್ಕ. "ಈ ಗುಂಡಿಗೆ ಕಾಯ್ದೆ ಇಲ್ಲ. ನೀವು ಆರಾಮಾಗಿ ಕೂತ್ಕೊಳ್ಳಿ."

ಅವನು ಸಮಾಧಾನದಿಂದ ಗಾಳ ಬಿಚ್ಚಿದ. ಅವಳು ಖಾಲಿ ಲೋಟ ಹಿಡಿದು ಅಲ್ಲೇ ನಿಂತು, ಹೊಳೆ ಎಲ್ಲಿಯವರೆಗೆ ಏರಿದೆ ಎಂದು ಕೇಳಲು ಬಾಯಿ ತೆರೆದಳು. ಅವನು ತಿರುಗಿ, ತುಟಿಗೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ.